ಬೆಟ್ಟದ ಬುಡದಲ್ಲಿ ಚಾಪೆಯಗಲದ ಜಾಗ

ಕುಮಾರಪರ್ವತ ಹತ್ತಬೇಕೆಂದಿರುವವರು ಹಿಂದಿನ ರಾತ್ರಿ ಸುಬ್ರಹ್ಮಣ್ಯದಲ್ಲಿ ಕಣ್ತುಂಬ ನಿದ್ದೆ ಮಾಡುವುದು ಒಳ್ಳೆಯದು. ಶಿಖರದ ಎತ್ತರ 1712 ಮೀಟರ್. ಬುಡದಲ್ಲಿರುವ ಸುಬ್ರಹ್ಮಣ್ಯ ಪೇಟೆ ಸಮುದ್ರಮಟ್ಟದಿಂದ ನೂರು ಚಿಲ್ಲರೆ ಮೀಟರ್ ಮೇಲಿದೆ, ಅಷ್ಟೇ. ನಾಡಿನ ಅತಿ ಎತ್ತರದ ಮುಳ್ಳಯ್ಯನಗಿರಿಗೆ ತುದಿಯ ಹತ್ತಿರದವರೆಗೂ ವಾಹನ ಹೋಗುತ್ತದೆ. ಇಲ್ಲಿ ದೇವರಗದ್ದೆ ದಾಟಿ ಕಾಡು ಹೊಕ್ಕ ಮೇಲೆ ಎಲ್ಲ ಕಾಲ ಮೇಲೆಯೇ. ಹೋಗಿ ಬರಲು ಇಪ್ಪತ್ತು ಕಿಲೋಮೀಟರಿಗೂ ಮೀರಿದ ನಡಿಗೆ, ಅದರಲ್ಲೂ ಒಂದೂವರೆ ಸಾವಿರ ಮೀಟರಿನಷ್ಟು ಏರು. ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಕುತ್ತಿಗೆ ವಾಲಿಸಿಕೊಂಡು ಬಂದು, ಇಳಿದ ಕೂಡಲೇ ಮುಖ ತೊಳೆದು ಹತ್ತಲು ಹೊರಡುವ ಹುಡುಗರನ್ನು ನಡುದಾರಿಯ ಕಲ್ಲುಮಂಟಪದ ಬಳಿ ನೋಡಬೇಕು. ನೀರಿನ ಪಕ್ಕ ಬ್ಯಾಗನ್ನೇ ತಲೆದಿಂಬು ಮಾಡಿಕೊಂಡು ಬಿದ್ದಿರುತ್ತಾರೆ. ಅಲ್ಲಿಂದ ಮುಂದೆ ಶೇಷಪರ್ವತ, ಅದರಾಚೆಗೆ ಕುಮಾರಪರ್ವತ. ನಿದ್ದೆಗೆಟ್ಟ ಕಾಲುಗಳಿಗೆ ಆ ದಾರಿ ಬಹಳ ಉದ್ದ.

ಅವರು ಹಿಂದಿನ ದಿನವೇ ಯಾಕೆ ಬರುವುದಿಲ್ಲ? ರಜೆ ಸಿಗುವುದಿಲ್ಲ ಎನ್ನುವುದು ಒಂದು ಕಾರಣ. ಮಲಗಲು ಜಾಗ ಎಲ್ಲಿ, ಎಷ್ಟಾಗುತ್ತದೆ ಎಂಬುದು ಗೊತ್ತಿಲ್ಲದಿರುವುದು ಇನ್ನೊಂದು. ಈ ಎರಡನೆಯ ಕಾರಣದ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಊರು ಎಷ್ಟೇ ಚೆಂದವಿರಲಿ, ಅದನ್ನು ಯಾರು ನೋಡುತ್ತಾರೆ ಎಂಬುದನ್ನು ಕೊನೆಗೆ ತೀರ್ಮಾನಿಸುವುದು ಅಲ್ಲಿ ಸಿಗುವ ಅತ್ಯಂತ ಅಗ್ಗದ ಹಾಸಿಗೆ.

ಕರಾವಳಿ ಎಂದೊಡನೆ ನಮ್ಮ ಪ್ರವಾಸಿಗರ ಮನಸ್ಸು ಗೋಕರ್ಣ, ಮುರ್ಡೇಶ್ವರ, ಮಲ್ಪೆಗಳತ್ತ ಓಡುತ್ತದೆ. ಪುತ್ತೂರು, ಸುಳ್ಯ, ಸುಬ್ರಹ್ಮಣ್ಯವನ್ನು ಒಳಗೊಂಡ ಕಡಬ ತಾಲೂಕುಗಳಿಗೆ ಸಮುದ್ರವಿಲ್ಲ, ನಿಜ. ಆದರೆ ಕರಾವಳಿಯ ನೀರೆಲ್ಲ ಹುಟ್ಟುವುದು ಇಂಥ ಕಡೆಯಲ್ಲಿಯೇ. ಕುಮಾರಪರ್ವತದ ಮಳೆ ಕುಮಾರಧಾರೆಯಾಗಿ ಸುಬ್ರಹ್ಮಣ್ಯದ ಸ್ನಾನಘಟ್ಟ ದಾಟಿ, ಉಪ್ಪಿನಂಗಡಿಯಲ್ಲಿ ಸಹಸ್ರಲಿಂಗೇಶ್ವರನ ಎದುರು ನೇತ್ರಾವತಿಯನ್ನು ಕೂಡಿ, ಮಂಗಳೂರಿನಲ್ಲಿ ಕಡಲು ಸೇರುತ್ತದೆ. ಪುತ್ತೂರಿನಿಂದ ಮಂಗಳೂರಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ಬೆಳಿಗ್ಗೆ ಘಟ್ಟದ ಬುಡದ ತೋಟದಲ್ಲಿ ನೀರುದೋಸೆ ತಿಂದು ಸಂಜೆ ಪಣಂಬೂರಿನ ಮರಳಿನಲ್ಲಿ ಕೂರಬಹುದು. ಹೀಗಿದ್ದೂ ಗೋಕರ್ಣದಲ್ಲಿ ಈಗ ಕಾಣುವಂಥ, ಮೇಲೊಂದು ಕೆಳಗೊಂದು ಮಂಚವಿಟ್ಟು ತಲೆಗಿಷ್ಟೆಂದು ಬಾಡಿಗೆ ತೆಗೆದುಕೊಳ್ಳುವ ಹಾಸ್ಟೆಲುಗಳ ಗಾಳಿ ಈ ಮೂರು ತಾಲೂಕುಗಳಿಗೆ ಅಷ್ಟಾಗಿ ಬೀಸಿಲ್ಲ. 2013ರಲ್ಲಿ ಶುರುವಾದ ಝಾಸ್ಟೆಲ್‌ನಂಥ ಸಂಸ್ಥೆಗಳು ಈ ಬಗೆಯ ವಾಸ್ತವ್ಯವನ್ನು ದೇಶದ ಯುವಕರಿಗೆ ರೂಢಿ ಮಾಡಿಸಿದವು. ಇಲ್ಲಿಯ ಅಗ್ಗದ ತಂಗುವಿಕೆಗೆ ಬೇರೆಯದೇ ಇತಿಹಾಸವಿದೆ, ಅದು ಬಹಳ ಹಳೆಯದು.

ಅದನ್ನು ತಿಳಿಯಲು ಶಿವರಾಮ ಕಾರಂತರ ‘ಬೆಟ್ಟದ ಜೀವ’ಕ್ಕಿಂತ ಒಳ್ಳೆಯ ಪುಸ್ತಕ ಇಲ್ಲ. 1943ರಲ್ಲಿ ಬಂದ ಕಾದಂಬರಿ. ಸುಬ್ರಹ್ಮಣ್ಯ, ಪಂಜದ ಕಾಡುದಾರಿಯಲ್ಲಿ ಸಂಜೆಗತ್ತಲಲ್ಲಿ ದಿಕ್ಕು ತಪ್ಪಿದ ಒಬ್ಬ ಪ್ರಯಾಣಿಕ, ದಾರಿಯಲ್ಲಿ ಸಿಕ್ಕ ಊರವರ ಜೊತೆಗೆ ಗೋಪಾಲಯ್ಯ, ಶಂಕರಮ್ಮ ದಂಪತಿಯ ಮನೆ ಸೇರುತ್ತಾನೆ. ಪರಿಚಯವಿಲ್ಲ, ನೆಂಟಸ್ತಿಕೆಯಿಲ್ಲ. ಆದರೂ ಬಿಸಿನೀರು, ಊಟ, ಹಾಸಿಗೆ ಎಲ್ಲವೂ ಆಗುತ್ತದೆ. ಬೆಳಗಾದ ಮೇಲೆ ಹೊರಡುತ್ತೇನೆಂದರೆ ಬಿಡುವುದಿಲ್ಲ. ಒಂದು ರಾತ್ರಿಗೆಂದು ಬಂದವನು ದಿನಗಟ್ಟಲೆ ಉಳಿಯುತ್ತಾನೆ. ಕಾದಂಬರಿಯ ವಿಷಯ ಅದಕ್ಕಿಂತ ದೊಡ್ಡದು: ಕಾಡನ್ನು ತೋಟ ಮಾಡುವ ಮನುಷ್ಯನ ಛಲ, ಮನೆ ಬಿಟ್ಟುಹೋದ ಮಗನ ಕೊರಗು. ಆದರೆ ಅಷ್ಟೂ ಕತೆ ನಿಂತಿರುವುದು ಅಪರಿಚಿತನಿಗೆ ಕೊಟ್ಟ ಒಂದು ಹಾಸಿಗೆಯ ಮೇಲೆ. ಆ ಹಾಸಿಗೆ ಸಿಗದಿದ್ದರೆ ಪ್ರಯಾಣಿಕನಿಗೆ ಗೋಪಾಲಯ್ಯ ಸಿಗುತ್ತಿರಲಿಲ್ಲ, ನಮಗೂ ಸಿಗುತ್ತಿರಲಿಲ್ಲ. ಪಿ. ಶೇಷಾದ್ರಿಯವರು ಇದನ್ನು ಸಿನಿಮಾ ಮಾಡಿ, ಪರಿಸರ ಸಂರಕ್ಷಣೆಯ ವಿಭಾಗದಲ್ಲಿ ರಾಷ್ಟ್ರಪ್ರಶಸ್ತಿಯನ್ನೂ ತಂದರು.

ಗೋಪಾಲಯ್ಯನ ಮನೆಯಂಥದ್ದೇ ಇನ್ನೊಂದು ಮನೆ ಇವತ್ತಿಗೂ ಬೆಟ್ಟದ ಮೇಲಿದೆ. ಚಾರಣಿಗರೆಲ್ಲ ‘ಭಟ್ಟರ ಮನೆ’ ಎಂದೇ ಕರೆಯುವ ಗಿರಿಗದ್ದೆಯ ಒಂಟಿ ಮನೆ. ದೇವರಗದ್ದೆಯಿಂದ ದಟ್ಟ ಕಾಡಿನಲ್ಲಿ ಎರಡು ಮೂರು ಗಂಟೆ ಏರಿದ ಮೇಲೆ ಒಮ್ಮೆಲೇ ಬಯಲು ತೆರೆದುಕೊಂಡು ಅಡಿಕೆ ಮರದ ತಲೆಗಳು ಕಾಣುತ್ತವೆ. ಮನೆಗೆ ರಸ್ತೆಯಿಲ್ಲ. ಅಕ್ಕಿಯಿಂದ ಹಿಡಿದು ಉಪ್ಪಿನವರೆಗೆ ಹೊತ್ತು ತಂದದ್ದೇ. ಆ ಮನೆಯಲ್ಲಿ ಸಿಗುವುದು ಅನ್ನ, ಸಾಂಬಾರು, ಉಪ್ಪಿನಕಾಯಿ, ಮಜ್ಜಿಗೆ. ಹಸಿದವರು ಎರಡನೆಯ ಸಲ, ಮೂರನೆಯ ಸಲ ಅನ್ನ ಹಾಕಿಸಿಕೊಳ್ಳುತ್ತಾರೆ. ಯಾರೂ ಲೆಕ್ಕ ಹಿಡಿಯುವುದಿಲ್ಲ. ಉಂಡ ತಟ್ಟೆಯನ್ನು ತೊಳೆದಿಡುವುದು ನಮ್ಮದೇ ಕೆಲಸ. ಜಗಲಿಯ ಕೆಳಗೆ ಕೆಸರು ಮೆತ್ತಿದ ಶೂಗಳ ಸಾಲು, ಅವುಗಳ ಪಕ್ಕ ಕಾಲಿನ ಬೆರಳ ಸಂದಿಯಿಂದ ಜಿಗಣೆ ಕೀಳುತ್ತ ಕೂತವರ ಸಾಲು. ಒಬ್ಬರು ಉಪ್ಪಿನ ಪೊಟ್ಟಣ ದಾಟಿಸಿದರೆ ಅದು ಕೈಯಿಂದ ಕೈಗೆ ಸಾಗುತ್ತದೆ. ಬೆಂಗಳೂರಿನ ಕಂಪನಿಯವರು, ಸುಳ್ಯದ ಕಾಲೇಜಿನವರು, ಹಾಸನದ ಕಡೆಯ ಹಳ್ಳಿ ಹುಡುಗರು ಅಲ್ಲಿ ಒಂದೇ ಪಂಕ್ತಿ. ದಶಕಗಳ ಕಾಲ ಸಾವಿರಾರು ಮಂದಿ ಆ ಅಂಗಳದಲ್ಲಿ, ಜಗಲಿಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದಾರೆ. ಕನ್ನಡ ನಾಡಿನ ನಿಜವಾದ ಮೊದಲ ಚಾರಣ ಹಾಸ್ಟೆಲುಗಳಲ್ಲಿ ಇದೂ ಒಂದು ಎಂದು ನಾನು ಧೈರ್ಯವಾಗಿ ಹೇಳುತ್ತೇನೆ. ಫಲಕ ಹಾಕಿಕೊಳ್ಳದೆಯೂ ಅದು ಆ ಕೆಲಸ ಮಾಡಿತು.

ಆ ಕಾಲ ಈಗ ಬದಲಾಗಿದೆ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆ ವಾರಾಂತ್ಯದ ಜೊತೆ ಸೇರಿಕೊಂಡಾಗ, ಕುಮಾರಪರ್ವತದ ದಾರಿಯಲ್ಲಿ ಇರುವೆ ಸಾಲಿನಂತೆ ಜನ ನಿಂತ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದವು. ಪುಷ್ಪಗಿರಿ ವನ್ಯಜೀವಿ ಧಾಮದ ಒಳಗಿನ ಕಾಲುದಾರಿ ಅದು. ಸಂತೆಯಷ್ಟು ಜನರನ್ನು ತಡೆದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಾತ್ಕಾಲಿಕವಾಗಿ ನಿಲ್ಲಿಸಿತು, ಆಮೇಲೆ ಅರಣ್ಯ ವಿಹಾರ ಜಾಲತಾಣದ ಮೂಲಕ ದಿನಕ್ಕಿಷ್ಟೇ ಜನ ಎಂಬ ಮಿತಿ ತಂದಿತು. ಶಿಖರದಲ್ಲಿ ಡೇರೆ ಹಾಕಲು ಬಿಡುವುದಿಲ್ಲ, ಪ್ಲಾಸ್ಟಿಕ್ ತಪಾಸಣೆಯಾಗುತ್ತದೆ. ಈ ಕ್ರಮ ಸರಿಯಾದದ್ದೇ. ಬೆಟ್ಟದ ಮೇಲೆ ರಾತ್ರಿ ಬೆಂಕಿ ಹಾಕಿ, ಬಾಟಲಿ ಬಿಸಾಡಿ ಬಂದವರನ್ನು ನೋಡಿ ಹೊಟ್ಟೆ ಉರಿದುಕೊಂಡವರಲ್ಲಿ ನಾನೂ ಒಬ್ಬ. ಆದರೆ ಬೆಟ್ಟದ ಮೇಲಿನ ರಾತ್ರಿಗೆ ಕಡಿವಾಣ ಬಿದ್ದಷ್ಟೂ ಬೆಟ್ಟದ ಕೆಳಗಿನ ರಾತ್ರಿಯ ಬೆಲೆ ಏರುತ್ತದೆ. ಬೆಳಕು ಹರಿಯುವ ಮುನ್ನ ಹೊರಡಬೇಕು, ಕತ್ತಲಾಗುವ ಮುನ್ನ ಇಳಿಯಬೇಕು ಎಂದರೆ ಹಿಂದಿನ ರಾತ್ರಿಯೂ ಕೆಲವರಿಗೆ ಮರುರಾತ್ರಿಯೂ ಕೆಳಗೆ ಹಾಸಿಗೆ ಬೇಕು. ನಿಯಮ ಮಾಡಿದವರು ಈ ಹಾಸಿಗೆಯ ಬಗ್ಗೆಯೂ ಯೋಚಿಸಿದ್ದರೆ ಚೆನ್ನಾಗಿತ್ತು.

ಕೆಳಗೆ ಏನಿದೆ? ಕುಕ್ಕೆ ಸುಬ್ರಹ್ಮಣ್ಯ ದೇವಸ್ಥಾನದ ವಸತಿಗೃಹಗಳಿವೆ. ಆಶ್ಲೇಷ, ಕಾರ್ತಿಕೇಯ, ಅಕ್ಷರಾ, ಅನಘಾ ಎಂದೆಲ್ಲ ಹೆಸರು. ಇವು ಕಟ್ಟಿದ್ದೇ ಭಕ್ತರ ಅಗತ್ಯಕ್ಕೆ. ಇಲ್ಲಿಯ ಮುಖ್ಯ ಸೇವೆಯಾದ ಸರ್ಪಸಂಸ್ಕಾರ ಎರಡು ದಿನದ್ದು. ಮೊದಲ ದಿನ ಕ್ರಿಯೆ, ಎರಡನೆಯ ದಿನ ಮುಕ್ತಾಯ. ಸೇವೆಗೆ ಕೂತವರು ಆ ರಾತ್ರಿ ಊರು ಬಿಟ್ಟು ಹೋಗುವಂತಿಲ್ಲ. ಅಂದರೆ ಒಂದು ರಾತ್ರಿಯ ವಾಸ ಈ ಕ್ಷೇತ್ರದ ಆಚರಣೆಯ ಒಳಗೇ ಸೇರಿಕೊಂಡಿದೆ. ಬಡ ಕುಟುಂಬವೊಂದು ವರ್ಷಗಟ್ಟಲೆ ಹಣ ಕೂಡಿಟ್ಟು ಸೇವೆಗೆ ಬರುತ್ತದೆ. ಅವರಿಗೆ ಲಾಡ್ಜಿನ ಬಾಡಿಗೆಯೂ ಸೇವೆಯ ದುಡ್ಡಿನಷ್ಟೇ ಆದರೆ ಗತಿಯೇನು? ಹಾಗಾಗಿ ದೇವಸ್ಥಾನದ ಕಡಿಮೆ ಬಾಡಿಗೆಯ ಕೋಣೆ, ಷಣ್ಮುಖ ಭೋಜನ ಶಾಲೆಯ ಉಚಿತ ಊಟ, ಎರಡೂ ಸೇರಿಯೇ ಒಂದು ವ್ಯವಸ್ಥೆ. ರಾಜ್ಯದ ಮುಜರಾಯಿ ದೇವಾಲಯಗಳಲ್ಲಿ ಅತಿ ಹೆಚ್ಚು ವರಮಾನ ಬರುವುದು ಕುಕ್ಕೆಗೆ. ವರ್ಷಕ್ಕೆ ನೂರು ಕೋಟಿ ರೂಪಾಯಿಗೂ ಮೇಲೆ. ಆ ಹಣದಲ್ಲಿ ಇನ್ನೂ ಹೆಚ್ಚು ಪಾಲು ಸಾಮಾನ್ಯರ ಹಾಸಿಗೆಗೆ ಹೋಗಬೇಕೆಂದು ಕೇಳುವುದರಲ್ಲಿ ತಪ್ಪೇನಿದೆ? ಚಂಪಾಷಷ್ಠಿಯ ಸಮಯದಲ್ಲಿ ಒಮ್ಮೆ ರಾತ್ರಿ ಹತ್ತರ ಮೇಲೆ ರಥಬೀದಿಯಲ್ಲಿ ನಡೆದು ನೋಡಿ. ಅಂಗಡಿಯ ಕಟ್ಟೆ, ಬಸ್ಸು ನಿಲ್ದಾಣದ ನೆಲ, ಎಲ್ಲೆಲ್ಲೂ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡು ಮಲಗಿದ ಸಂಸಾರಗಳು. ಮಾರ್ಗಶಿರದ ಚಳಿ ಘಟ್ಟದ ಬುಡದಲ್ಲಿ ಕಡಿಮೆಯೇನಲ್ಲ.

ಒಂಟಿ ಪ್ರಯಾಣಿಕರ ಕಷ್ಟ ಇನ್ನೊಂದು ತೆರನದು. ಒಮ್ಮೆ ಪೇಟೆಯ ಒಂದು ಲಾಡ್ಜಿನಲ್ಲಿ ನಾನು ಕೋಣೆ ಕೇಳಿದಾಗ ಮೇಜಿನ ಹಿಂದಿದ್ದವರು ಒಳ್ಳೆಯ ಮಾತಿನಲ್ಲೇ ಕೇಳಿದರು:

“ಒಬ್ಬರೇ ಉಂಟಾ?”

“ಹೌದು.”

“ಒಬ್ಬರಿಗೆ ರೂಮ್ ಕೊಡುವ ಕ್ರಮ ಇಲ್ಲ ಮಾರಾಯ್ರೆ. ಫ್ಯಾಮಿಲಿ ಇದ್ದರೆ ಹೇಳಿ.”

ಅವರನ್ನು ದೂರಲಾರೆ. ಒಂಟಿಯಾಗಿ ಬಂದವರು ಕೋಣೆಯಲ್ಲಿ ಜೀವ ತೆಗೆದುಕೊಂಡ ಪ್ರಕರಣಗಳು ಯಾತ್ರಾಸ್ಥಳಗಳ ಲಾಡ್ಜುಗಳಿಗೆ ಹೊಸದಲ್ಲ. ಪೊಲೀಸು, ಮಹಜರು ಎಂದು ಅಲೆದವರಿಗೆ ಆ ಭಯ ಸಹಜ. ಆದರೆ ಒಬ್ಬಳೇ ಬರುವ ಹೆಣ್ಣುಮಗಳು, ಒಬ್ಬನೇ ಬೆಟ್ಟ ಹತ್ತಲು ಬರುವ ವಿದ್ಯಾರ್ಥಿ, ಪಕ್ಷಿ ನೋಡಲು ಬರುವ ನಿವೃತ್ತ ಮೇಷ್ಟ್ರು, ಇವರೆಲ್ಲ ಎಲ್ಲಿ ಹೋಗಬೇಕು? ಹತ್ತು ಜನ ಒಟ್ಟಿಗೆ ಮಲಗುವ ಡಾರ್ಮಿಟರಿ ಇದಕ್ಕೆ ತಕ್ಕ ಉತ್ತರ. ಅಲ್ಲಿ ಯಾರೂ ಒಂಟಿಯಲ್ಲ. ಒಬ್ಬನ ಮುಖ ಬಾಡಿದ್ದರೆ ಪಕ್ಕದ ಮಂಚದವನು ಗಮನಿಸುತ್ತಾನೆ.

ಆ ರಾತ್ರಿ ನನಗೆ ಜಾಗ ಸಿಕ್ಕಿದ್ದೂ ಅಂಥದ್ದೇ ಒಂದು ಡಾರ್ಮಿಟರಿಯಲ್ಲಿ. ನಾಲ್ಕೈದು ನೂರು ರೂಪಾಯಿಯೊಳಗೆ ಒಂದು ಮಂಚ, ಒಂದು ಹೊದಿಕೆ, ಬ್ಯಾಗಿಡಲು ಬೀಗವಿರುವ ಕಪಾಟು. ಗೋಡೆಗೆ ಕಟ್ಟಿದ್ದ ನೈಲಾನ್ ಹಗ್ಗದಲ್ಲಿ ಒಣಗದ ಬನಿಯನ್ನು, ಕಾಲುಚೀಲ. ಇಡೀ ಕೋಣೆಗೆ ಎರಡೇ ಚಾರ್ಜಿಂಗ್ ಪಾಯಿಂಟು. ಯಾರ ಮೊಬೈಲು ಎಷ್ಟು ಹೊತ್ತು ಎಂಬ ಒಪ್ಪಂದ ಐದು ನಿಮಿಷದಲ್ಲಿ ತಾನಾಗಿ ಆಯಿತು. ರಾಯಚೂರಿನ ಕಡೆಯ ಮೂವರು ಸರ್ಪಸಂಸ್ಕಾರಕ್ಕೆ ಬಂದವರು, ಕಾಸರಗೋಡಿನ ಒಬ್ಬ ಹುಡುಗ ಚಾರಣಕ್ಕೆ ಬಂದವನು. ರಾಯಚೂರಿನ ಹಿರಿಯರು ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಕೊಟ್ಟರು. “ತಗೋರಿ, ನಾಳಿ ಗುಡ್ಡ ಹತ್ತಬೇಕಲ್ಲ” ಎಂದರು. ಅವರು ಅಷ್ಟು ಹಸಿರನ್ನು ಹಿಂದೆಂದೂ ನೋಡಿರಲಿಲ್ಲವಂತೆ. ಕಾಸರಗೋಡಿನವನಿಗೆ ಹಸಿರು ಹೊಸದಲ್ಲ, ರೊಟ್ಟಿ ಹೊಸದು. ಹೊರಗೆ ಮಳೆ ಬಿಟ್ಟೂ ಬಿಡದ ಹಾಗೆ ತಗಡಿನ ಮೇಲೆ ಬೀಳುತ್ತಿತ್ತು. ಎಸಿ ಕೋಣೆಯ ಬಾಗಿಲು ಹಾಕಿಕೊಂಡಿದ್ದರೆ ನನಗೆ ಈ ಯಾವುದೂ ಸಿಗುತ್ತಿರಲಿಲ್ಲ. ನಾಲ್ಕು ಗಂಟೆಗೆ ಯಾರದೋ ಅಲಾರಾಂ ಎಲ್ಲರನ್ನೂ ಎಬ್ಬಿಸಿತು, ಯಾರೂ ಬೈಯಲಿಲ್ಲ.

ಬಚ್ಚಲು, ಶೌಚಾಲಯ ಮಾತ್ರ ಮಾತಾಡಲೇಬೇಕಾದ ವಿಷಯ. ಅಗ್ಗದ ವಾಸ್ತವ್ಯ ಗಲೀಜಾಗಿಯೇ ಇರುತ್ತದೆ ಎಂದು ನಾವು ಸುಮ್ಮನೆ ಒಪ್ಪಿಕೊಂಡುಬಿಟ್ಟಿದ್ದೇವೆ. ಈ ಸೀಮೆಯ ಯಾವ ಹಳೆಯ ಮನೆಗೆ ಹೋದರೂ ಬಚ್ಚಲಿನಲ್ಲಿ ಹಂಡೆಯ ತುಂಬ ಬಿಸಿನೀರು, ಒಲೆಗೆ ಅಡಿಕೆ ಸಿಪ್ಪೆ, ತೆಂಗಿನ ಮಡಲು. ಬಿಸಿನೀರಿಗೂ ಶುಚಿತನಕ್ಕೂ ಬಡತನ ಅಡ್ಡ ಬರುವುದಿಲ್ಲ ಎಂಬುದಕ್ಕೆ ಆ ಬಚ್ಚಲುಗಳೇ ಸಾಕ್ಷಿ. ಹತ್ತು ಜನರಿಗೆ ಒಂದೇ ಶೌಚಾಲಯವಿಟ್ಟು, ಅದರ ಚಿಲಕವೂ ಮುರಿದಿದ್ದರೆ, ಹೆಣ್ಣುಮಕ್ಕಳು ಆ ಊರಿಗೆ ಎರಡನೆಯ ಸಲ ಬರುವುದಿಲ್ಲ. ಹೆಂಗಸರಿಗೆ ಬೇರೆ ಕೋಣೆ, ರಾತ್ರಿಯಿಡೀ ಉರಿಯುವ ಒಂದು ದೀಪ, ಒಳಗಿನಿಂದ ಭದ್ರವಾಗಿ ಹಾಕಿಕೊಳ್ಳಬಹುದಾದ ಅಗುಳಿ. ಇಷ್ಟಕ್ಕೆ ಕೋಟಿಗಟ್ಟಲೆ ಬೇಡ.

ಹೀಗೆ ಅಪರಿಚಿತರು ಒಟ್ಟಿಗೆ ಮಲಗುವ ರಾತ್ರಿಗಳು ಒಂದು ಕಾಲದಲ್ಲಿ ರೈಲು ಹಾದಿಯಲ್ಲೂ ಇದ್ದವು. 1979ರಲ್ಲಿ ಪೂರ್ಣಗೊಂಡ ಹಾಸನ–ಮಂಗಳೂರು ಮೀಟರ್‌ಗೇಜ್ ಹಳಿಯನ್ನು ಬ್ರಾಡ್‌ಗೇಜ್ ಮಾಡಲೆಂದು 1996ರಲ್ಲಿ ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರಿನಲ್ಲಿ. ನಡುವಿನ ಆ ವರ್ಷಗಳಲ್ಲಿ ಚಾರಣಿಗರು ಸುರಂಗ, ಸೇತುವೆಗಳನ್ನು ದಾಟಿ ನಡೆದು, ಯಡಕುಮೇರಿ ನಿಲ್ದಾಣದ ಪ್ಲಾಟ್‌ಫಾರಂ ಮೇಲೆ ಮಲಗಿ, ಮರುದಿನ ಸುಬ್ರಹ್ಮಣ್ಯದತ್ತ ಇಳಿಯುತ್ತಿದ್ದರು. ಈಗ ಹಳಿಯ ಮೇಲೆ ನಡೆಯುವುದು ಅಪರಾಧ, ಜೀವಕ್ಕೂ ಅಪಾಯ. ಕಿಟಕಿಯಿಂದ ನೋಡಿ ಸಂತೋಷಪಡಬೇಕು. ನೆಟ್ಟಣದಲ್ಲಿರುವ ‘ಸುಬ್ರಹ್ಮಣ್ಯ ರೋಡ್’ ನಿಲ್ದಾಣದಿಂದ ಪೇಟೆಗೆ ಇನ್ನೂ ಹನ್ನೆರಡು ಕಿಲೋಮೀಟರಿನಷ್ಟಿದೆ. ಮೊದಲ ಸಲ ಬರುವವರು ಇದನ್ನು ನೆನಪಿಡಬೇಕು.

ಹಾಸ್ಟೆಲ್ ಎಂಬ ವ್ಯವಸ್ಥೆ ಹುಟ್ಟಿದ ಬಗೆಯೂ ‘ಬೆಟ್ಟದ ಜೀವ’ಕ್ಕೆ ಹತ್ತಿರದ್ದು. ಜರ್ಮನಿಯ ರಿಚರ್ಡ್ ಶಿರ್‌ಮನ್ ಶಾಲಾ ಮೇಷ್ಟ್ರು. ಮಕ್ಕಳನ್ನು ಗೋಡೆಯಾಚೆ ಕರೆದೊಯ್ದು ಕಲಿಸಬೇಕೆಂಬ ಹಟ ಅವರಿಗೆ. 1909ರ ಆಗಸ್ಟಿನಲ್ಲಿ ಮಕ್ಕಳೊಂದಿಗೆ ನಡೆಯುತ್ತಿದ್ದಾಗ ಬಿರುಮಳೆಗೆ ಸಿಕ್ಕಿ, ಹಳ್ಳಿಯ ಒಂದು ಶಾಲೆಯಲ್ಲಿ ಹುಲ್ಲು ಹಾಸಿಕೊಂಡು ರಾತ್ರಿ ಕಳೆದರು. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳನ್ನು ನಡೆಯುವ ಮಕ್ಕಳಿಗೆ ತೆರೆದರೆ ಹೇಗೆ ಎಂಬ ಯೋಚನೆ ಅಂದು ಬಂತು. 1912ರಲ್ಲಿ ಆಲ್ಟೆನಾ ಊರಿನ ಕೋಟೆಯಲ್ಲಿ ಜಗತ್ತಿನ ಮೊದಲ ಯುವ ಹಾಸ್ಟೆಲ್ ಶುರುವಾಯಿತು. ಕೆಲವು ದಶಕಗಳ ಬಳಿಕ ನಮ್ಮ ಪುತ್ತೂರಿನ ಪರ್ಲಡ್ಕದ ಗುಡ್ಡದಲ್ಲಿ ಕಾರಂತರು ಬಾಲವನ ಕಟ್ಟಿ, ಮಕ್ಕಳು ಆಟ, ಪ್ರಕೃತಿ, ಕೈಕೆಲಸಗಳಿಂದ ಕಲಿಯಬೇಕೆಂದು ಪ್ರಯೋಗ ಮಾಡಿದರು. ಇಬ್ಬರನ್ನೂ ಕಾಡಿದ್ದು ಒಂದೇ ಪ್ರಶ್ನೆ: ಗೋಡೆಯಾಚೆ ಮಕ್ಕಳಿಗೆ ಕಲಿಸುವುದು ಹೇಗೆ? ಬಾಲವನವನ್ನು ನೋಡಲು ಇಂದಿಗೂ ಶಾಲಾ ಮಕ್ಕಳು ಬರುತ್ತಾರೆ, ಸಂಜೆಯೊಳಗೆ ಬಸ್ಸು ಹತ್ತಿ ಹೋಗುತ್ತಾರೆ. ಒಂದು ರಾತ್ರಿ ಈ ಸೀಮೆಯಲ್ಲಿ ಉಳಿದು, ಕಪ್ಪೆಗಳ ಸದ್ದು ಕೇಳಿ, ಬೆಳಿಗ್ಗೆ ತೊಡಿಕಾನದ ಮಲ್ಲಿಕಾರ್ಜುನ ದೇವಸ್ಥಾನದ ಮೀನುಗಳನ್ನೂ ದೇವರಗುಂಡಿ ಜಲಪಾತವನ್ನೂ ನೋಡಿ ಹೋಗುವಂತಾದರೆ ಆ ಪ್ರವಾಸಕ್ಕೆ ಅರ್ಥ ಬರುತ್ತದೆ.

ಹೋಮ್‌ಸ್ಟೇಗಳಿವೆಯಲ್ಲ ಎನ್ನಬಹುದು. ಇವೆ, ಹೆಚ್ಚುತ್ತಲೂ ಇವೆ. ಸುಳ್ಯದ ಸಂಪಾಜೆ, ಅರಂತೋಡು, ಮರ್ಕಂಜ ಕಡೆ ಹಳದಿ ಎಲೆ ರೋಗದಿಂದ ಅಡಿಕೆ ತೋಟಗಳೇ ಬೋಳಾಗಿವೆ. ತೋಟ ಕೈಕೊಟ್ಟ ಮೇಲೆ ಮನೆಯ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ಬಿಟ್ಟುಕೊಡುವ ಕುಟುಂಬಗಳ ಬಗ್ಗೆ ನನಗೆ ಗೌರವವಿದೆ. ಬೆಲ್ಲ, ನೀರು ಕೊಟ್ಟು ಬರಮಾಡಿಕೊಳ್ಳುವವರು ಈಗಲೂ ಅವರೇ. ಪತ್ರೊಡೆ, ಒಂದೆಲಗದ ತಂಬುಳಿ, ಹಲಸಿನ ಹಪ್ಪಳ ಬಡಿಸುತ್ತ ತುಳು, ಅರೆಭಾಷೆ, ಹವ್ಯಕ ಕನ್ನಡಗಳನ್ನು ಒಂದೇ ಜಗಲಿಯಲ್ಲಿ ಕೇಳಿಸುವವರೂ ಅವರೇ. ಅಲ್ಲಿಯ ದರ ಅವರ ದುಡಿಮೆಗೆ ತಕ್ಕದ್ದು, ಕಡಿಮೆ ಮಾಡಿ ಎಂದು ಕೇಳುವುದು ನ್ಯಾಯವಲ್ಲ. ಹಾಗಾಗಿ ವಿದ್ಯಾರ್ಥಿಯ ಜೇಬಿಗೆ ಒಗ್ಗುವ ಹಾಸಿಗೆ ಬೇರೆಯೇ ಬೇಕು.

ಆ ಹಾಸಿಗೆಗಳು ಈ ಮೂರು ತಾಲೂಕುಗಳಲ್ಲಿ ಈಗಾಗಲೇ ಇವೆ. ಪುತ್ತೂರು, ಸುಳ್ಯ ಎರಡೂ ಕಾಲೇಜುಗಳ ಊರು. ವಿದ್ಯಾರ್ಥಿನಿಲಯಗಳಿಗೆ ಲೆಕ್ಕವಿಲ್ಲ: ಸರ್ಕಾರದವು, ಖಾಸಗಿಯವು, ಧರ್ಮಸಂಸ್ಥೆಗಳವು. ಮಂಚವಿದೆ, ಬಚ್ಚಲಿದೆ, ಅಡುಗೆಮನೆಯಿದೆ, ವಾರ್ಡನ್ ಇದ್ದಾರೆ. ದಸರಾ ರಜೆಯಲ್ಲಿ, ಪರೀಕ್ಷೆ ಮುಗಿದ ಮೇಲಿನ ವಾರಗಳಲ್ಲಿ ಅವು ಖಾಲಿ. ಬ್ರಿಟನ್ನಿನ ವಿಶ್ವವಿದ್ಯಾಲಯಗಳು ರಜಾದಿನಗಳಲ್ಲಿ ವಿದ್ಯಾರ್ಥಿಗಳ ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಟ್ಟು ಆ ಹಣವನ್ನು ಸಂಸ್ಥೆಗೇ ಬಳಸುತ್ತವೆ. ಇಲ್ಲಿ ಕುಮಾರಪರ್ವತದ ದಾರಿ ಸಾಮಾನ್ಯವಾಗಿ ಮಳೆ ನಿಂತ ಮೇಲೆ, ಅಕ್ಟೋಬರಿನ ಹೊತ್ತಿಗೆ ತೆರೆಯುತ್ತದೆ. ದಸರಾ ರಜೆಯೂ ಆಗಲೇ. ಬೇಸಿಗೆ ರಜೆಯಲ್ಲಿ ಬೆಟ್ಟ ಮುಚ್ಚಿದ್ದರೂ ಬಿಸಿಲೆ ಘಾಟಿ, ಬಾಲವನ, ಉಪ್ಪಿನಂಗಡಿಯ ಸಂಗಮ ಇದ್ದೇ ಇವೆ. ಗುರುತಿನ ಚೀಟಿ ಪಡೆದು ದಾಖಲೆ ಪುಸ್ತಕದಲ್ಲಿ ಬರೆಸುವುದು, ವಿದೇಶಿಯರಾದರೆ ಅವರ ವಿವರವನ್ನು ಸರ್ಕಾರಕ್ಕೆ ತಿಳಿಸುವುದು, ಕಾಡಾನೆ ಓಡಾಡುವ ಕಡಬದ ಕಡೆ ಕತ್ತಲಲ್ಲಿ ನಡೆಯಬೇಡಿ ಎಂದು ಎಚ್ಚರಿಸುವುದು, ಇವನ್ನೆಲ್ಲ ಒಬ್ಬ ವಾರ್ಡನ್ ನಿಭಾಯಿಸಬಲ್ಲರು.

ಮೊದಲಿಗೆ ಸುಳ್ಯದಲ್ಲೊಂದು, ಪುತ್ತೂರಿನಲ್ಲೊಂದು, ಕಡಬ ಅಥವಾ ಸುಬ್ರಹ್ಮಣ್ಯದಲ್ಲೊಂದು ನಿಲಯವನ್ನು ದಸರಾ ರಜೆಯ ಮಟ್ಟಿಗೆ ತೆರೆದರೆ ಸಾಕು. ಅರಣ್ಯ ಇಲಾಖೆಯ ಚಾರಣದ ಚೀಟಿ ತೋರಿಸಿದವರಿಗೂ ಶಾಲಾ ಪ್ರವಾಸದ ಮಕ್ಕಳಿಗೂ ಮೊದಲ ಆದ್ಯತೆ. ಚಾರಣ ಕಾಯ್ದಿರಿಸುವ ಜಾಲತಾಣದಲ್ಲೇ ಹಾಸಿಗೆಯನ್ನೂ ಕಾಯ್ದಿರಿಸುವ ವ್ಯವಸ್ಥೆಯಾಗಲಿ. ಬಂದ ಹಣ ಆಯಾ ನಿಲಯದ ಬಚ್ಚಲು, ಶೌಚಾಲಯಗಳ ದುರಸ್ತಿಗೇ ಹೋಗಲಿ. ರಜೆ ಮುಗಿಸಿ ಬಂದ ವಿದ್ಯಾರ್ಥಿಗಳಿಗೆ ಚಿಲಕ ಸರಿಯಾಗಿರುವ ಬಾಗಿಲು ಸಿಗುತ್ತದೆ.